ಕರುಳಲ್ಲಿ ಹುಟ್ಟಿದ ಪಿತ್ತಾಮ್ಲ ಪ್ಯಾಂಕ್ರಿಯಾಸ್ ತಲುಪುವುದು ಹೇಗೆ?

ಲಿವರ್ ಕೊಲೆಸ್ಟೆರಾಲ್‌ನಿಂದ ಪಿತ್ತಾಮ್ಲ ಮಾಡುತ್ತದೆ, ಅದು ಕೊಬ್ಬನ್ನು ಕರಗಿಸಲು ನೆರವಾಗುತ್ತದೆ. ಇಷ್ಟು ನಿಮಗೆ ಗೊತ್ತೇ ಇರುತ್ತದೆ. 

ನಾನು ಎರಡು ದಿನ ಒದ್ದಾಡಿದ್ದು ಡಿಆಕ್ಸಿಕೋಲಿಕ್ ಆಮ್ಲ ಎಂಬ ಒಂದು ಪಿತ್ತಾಮ್ಲದ ಹತ್ತಿರ. ಲ್ಯಾಬ್‌ನಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕೋಶಗಳಿಗೆ ಇದನ್ನು ಹಾಕಿದಾಗ ಇಜಿಎಫ್‌ಆರ್ ಎಂಬ ಗ್ರಾಹಕ (ಕೋಶದ ಮೇಲೆ ಸಂಕೇತ ಹಿಡಿಯುವ ಪ್ರೋಟೀನ್) ಚುರುಕಾಗುತ್ತದೆ. ಅದು ಕೋಶಕ್ಕೆ ಬೆಳೆಯಲು ಹೇಳುವ ಗ್ರಾಹಕ. ಆದರೆ ಈ ಆಮ್ಲವನ್ನು ಲಿವರ್ ಮಾಡುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಲಿವರ್ ಮಾಡಿದ ಕೋಲಿಕ್ ಆಮ್ಲದಿಂದ ಒಂದು ಹೈಡ್ರಾಕ್ಸಿಲ್ ಗುಂಪನ್ನು (ಆಮ್ಲಜನಕ-ಜಲಜನಕದ ಜೋಡಿಯನ್ನು) ಕಿತ್ತು ಇದನ್ನು ಮಾಡುತ್ತವೆ. ಕರುಳಿನ ಆ ತುದಿಯಲ್ಲಿ ಹುಟ್ಟಿದ್ದಕ್ಕೆ ಪ್ಯಾಂಕ್ರಿಯಾಸ್ ಹತ್ತಿರ ಏನು ಕೆಲಸ?

ಕೊನೆಗೆ ಕೆಂಪು ಪೆನ್ನಿನಲ್ಲಿ ಚಿತ್ರ ಬರೆದೆ. ಲಿವರ್‌ನಿಂದ ಕರುಳಿಗೆ ಒಂದು ಬಾಣ. ಕರುಳಿನಿಂದ ಪೋರ್ಟಲ್ ರಕ್ತನಾಳದ ಮೂಲಕ ಮತ್ತೆ ಲಿವರ್‌ಗೆ ಇನ್ನೊಂದು. ಬಾಣಗಳು ಸೇರಿ ಚಕ್ರವಾಯಿತು! ಕರುಳಿಗೆ ಇಳಿದ ಪಿತ್ತಾಮ್ಲದಲ್ಲಿ ಸುಮಾರು 95% ಹೀಗೆ ವಾಪಸ್ ಬರುತ್ತದೆ. ಬ್ಯಾಕ್ಟೀರಿಯಾ ಮಾಡಿದ ಆಮ್ಲದ ಒಂದು ಪಾಲೂ ಅದರ ಜೊತೆಗೇ ಬರುತ್ತದೆ. ಲಿವರ್ ಅದನ್ನೂ ಪಿತ್ತರಸಕ್ಕೆ ಸೇರಿಸಿ ಕೆಳಗೆ ಕಳಿಸುತ್ತದೆ. ಅಂದರೆ ಪಿತ್ತನಾಳದಲ್ಲಿ ಹರಿಯುವ ರಸದಲ್ಲೇ ಡಿಆಕ್ಸಿಕೋಲಿಕ್ ಆಮ್ಲ ಇದೆ. ಆ ನಾಳ ಹಾದುಹೋಗುವುದೇ ಪ್ಯಾಂಕ್ರಿಯಾಸ್‌ನ ತಲೆಭಾಗದಲ್ಲಿ, ಅಲ್ವಾ?

ಇನ್ನು ಒಳಗೆ ನುಗ್ಗುವುದು. ಸಾಮಾನ್ಯವಾಗಿ ಪ್ಯಾಂಕ್ರಿಯಾಸ್ ನಾಳದಲ್ಲಿ ಒತ್ತಡ ಜಾಸ್ತಿ, ಹಾಗಾಗಿ ಪಿತ್ತರಸ ಸುಮ್ನೆ ಒಳಗೆ ಹೋಗುವುದಿಲ್ಲ. ಎರಡೂ ನಾಳ ಸೇರುವ ಬಾಯಲ್ಲಿ ಪಿತ್ತದ ಕಲ್ಲು ಸಿಕ್ಕಿಕೊಂಡರೆ ಪಿತ್ತರಸ ಹಿಂದಕ್ಕೆ ನುಗ್ಗಬಹುದು ಎಂದು 1901ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಯೂಜೀನ್ ಓಪಿ ವಾದಿಸಿದರು. ಪಿತ್ತಾಮ್ಲ ತಾಗಿದ ಕೋಶಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕೋಶ ಸಾಯುತ್ತದೆ, ಉರಿಯೂತ ಶುರುವಾಗುತ್ತದೆ. ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಕೆರಾಸ್ (KRAS) ಜೀನ್ ಮೊದಲೇ ಕೆಟ್ಟಿರುವ ಇಲಿಗಳಲ್ಲಿ ಇಂಥ ಉರಿಯೂತ ಕ್ಯಾನ್ಸರ್‌ನತ್ತ ದಾರಿಯನ್ನು ವೇಗವಾಗಿಸುತ್ತದೆ. ಮನುಷ್ಯರ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗಳಲ್ಲಿ 90%ಕ್ಕಿಂತ ಹೆಚ್ಚಿನವುಗಳಲ್ಲಿ ಈ ಜೀನ್ ಕೆಟ್ಟಿರುತ್ತದೆ.

ಒಂದು ಎಚ್ಚರಿಕೆ. ತಲೆಭಾಗದ ಗೆಡ್ಡೆ ಪಿತ್ತನಾಳವನ್ನು ಒತ್ತುತ್ತದೆ. ಆಗ ರಕ್ತದಲ್ಲಿ ಪಿತ್ತಾಮ್ಲ ತಾನೇ ಏರುತ್ತದೆ, ಕಾಮಾಲೆಯೂ ಬರುತ್ತದೆ. ಅದು ಕ್ಯಾನ್ಸರ್‌ನ ಕಾರಣವಲ್ಲ, ಪರಿಣಾಮ. ಹಾಗಾಗಿ ರೋಗಿಗಳ ರಕ್ತದ ಅಂಕಿ ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು ಆ ರಕ್ತ ತೆಗೆದದ್ದು ಯಾವಾಗ ಎಂದು: ಕಾಯಿಲೆಗೆ ವರ್ಷಗಳ ಮುಂಚೆಯೋ, ಕಾಮಾಲೆ ಬಂದ ಮೇಲೋ.