ಕಿಕ್ಕಿರಿದ ಕಥೆಯನ್ನು ಬಿಡಿಸುವುದು: ‘ಎಲ್.ಎ. ಕಾನ್ಫಿಡೆನ್ಶಿಯಲ್’ ಚಿತ್ರಕಥೆಯ ಅಧ್ಯಯನ ಟಿಪ್ಪಣಿ

ಬಹುತಾರಾಗಣದ ಅಪರಾಧ ಚಿತ್ರವೊಂದರ ಕಥೆ ಕಿಕ್ಕಿರಿದಿದೆ ಎನ್ನುವಾಗ ನಾವು ಸಾಮಾನ್ಯವಾಗಿ ಪಾತ್ರಗಳ ಸಂಖ್ಯೆಯನ್ನು ದೂರುತ್ತೇವೆ. ಚಿತ್ರಕಥೆಯನ್ನು ಅಭ್ಯಾಸ ಮಾಡುವವರಿಗೆ ಈ ಲೆಕ್ಕದಿಂದ ಹೆಚ್ಚು ಪ್ರಯೋಜನವಿಲ್ಲ. ಒಂದು ಎಳೆಯಲ್ಲಿ ಹುಟ್ಟಿದ ಮಾಹಿತಿ ಇನ್ನೊಂದು ಎಳೆಯ ಪಾತ್ರದ ಕೈಗೆ ತಲುಪುತ್ತದೆಯೇ ಎಂದು ನೋಡಿದರೆ ತೊಡಕು ಎಲ್ಲಿದೆ ಎಂಬುದು ತಾನಾಗಿಯೇ ಕಾಣುತ್ತದೆ.

‘ಎಲ್.ಎ. ಕಾನ್ಫಿಡೆನ್ಶಿಯಲ್’ಗೆ ಮೂಲವಾದ, ಜೇಮ್ಸ್ ಎಲ್ರಾಯ್ 1990ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿಯ ಕಥೆ ಹಲವು ವರ್ಷಗಳಷ್ಟು ಉದ್ದಕ್ಕೆ ಹರಡಿಕೊಂಡಿದೆ. 1997ರ ಚಿತ್ರಕ್ಕಾಗಿ ನಿರ್ದೇಶಕ ಕರ್ಟಿಸ್ ಹ್ಯಾನ್ಸನ್ ಮತ್ತು ಬ್ರಯಾನ್ ಹೆಲ್ಗೆಲ್ಯಾಂಡ್, ಕಥೆಯ ಕೇಂದ್ರದಲ್ಲಿರುವ ಎಡ್ ಎಕ್ಸ್‌ಲಿ, ಬಡ್ ವೈಟ್, ಜ್ಯಾಕ್ ವಿನ್ಸೆನ್ಸ್ ಎಂಬ ಮೂವರು ಪೊಲೀಸರು ಇಲ್ಲದ ದೃಶ್ಯಗಳನ್ನೆಲ್ಲ ಮೊದಲು ತೆಗೆದುಹಾಕಿ, ಉಳಿದವುಗಳಿಂದ ಕಥೆಯನ್ನು ಮತ್ತೆ ಕಟ್ಟಿದರು. ಆ ರೂಪಾಂತರಕ್ಕೆ ಆಸ್ಕರ್ ಬಂದಿತು. (ಇಂದು ತಾರೆಯರ ಸಾಲಿನಂತೆ ಕಾಣುವ ಈ ಚಿತ್ರದಲ್ಲಿ ರಸೆಲ್ ಕ್ರೋ ಮತ್ತು ಗೈ ಪಿಯರ್ಸ್ ಇಬ್ಬರೂ ಆಗ ಅಮೆರಿಕದ ಪ್ರೇಕ್ಷಕರಿಗೆ ಅಷ್ಟಾಗಿ ಪರಿಚಿತರಾಗಿರಲಿಲ್ಲ.)

ಮೂವರೂ ನೈಟ್ ಔಲ್ ಕಾಫಿ ಶಾಪಿನ ಹತ್ಯಾಕಾಂಡಕ್ಕೆ ಬೇರೆಬೇರೆ ಬಾಗಿಲಿನಿಂದ ಬರುತ್ತಾರೆ. ಎಡ್ ಎಕ್ಸ್‌ಲಿಯನ್ನು ಎಳೆತರುವುದು ಮೇಲೇರುವ ಹಂಬಲ. ಬಡ್ ವೈಟ್‌ಗೆ ಸತ್ತವರಲ್ಲಿ ಒಬ್ಬ ಹಳೆಯ ಜೊತೆಗಾರ, ಇನ್ನೊಬ್ಬಳು ಹಿಂದೊಮ್ಮೆ ಮೂಗಿಗೆ ಪಟ್ಟಿ ಕಟ್ಟಿಕೊಂಡು ಕಾರಿನಲ್ಲಿ ಕುಳಿತಿದ್ದಾಗ ಕಂಡ ಯುವತಿ. ಜ್ಯಾಕ್ ವಿನ್ಸೆನ್ಸ್ ಬಳಿ ಇರುವುದು ಮಾದಕವಸ್ತುವಿನ ದಾಳಿಯೊಂದರಲ್ಲಿ ಸಿಕ್ಕಿದ ‘ಫ್ಲರ್ ಡಿ ಲಿ’ ಎಂಬ ವೇಶ್ಯಾವಾಟಿಕೆ ಜಾಲದ ಹೆಸರಿರುವ ಕಾರ್ಡು ಮಾತ್ರ.

ಯಾರಿಗೆ ಏನು ಗೊತ್ತು?

ಓದುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಬಿಡಿಸುತ್ತೇನೆ. ಈ ಮೂವರ ಮೇಲಧಿಕಾರಿಯಾದ ಪೊಲೀಸ್ ಕ್ಯಾಪ್ಟನ್ ಡಡ್ಲಿ ಸ್ಮಿತ್ ತನ್ನ ಮನೆಯಲ್ಲಿ ಜ್ಯಾಕ್‌ಗೆ ಗುಂಡಿಕ್ಕುವ ಕ್ಷಣದಲ್ಲಿಯೇ ಅಪರಾಧಿ ಯಾರೆಂಬುದು ಪ್ರೇಕ್ಷಕರಿಗೆ ತಿಳಿದುಬಿಡುತ್ತದೆ. ರಹಸ್ಯ ಬಯಲಾದ ಮೇಲೂ ಕಥೆ ಸಡಿಲಗೊಳ್ಳುವುದಿಲ್ಲ ಏಕೆಂದರೆ ‘ಕೊಂದವರು ಯಾರು’ ಎಂಬ ಪ್ರಶ್ನೆಯ ಜಾಗಕ್ಕೆ ‘ಎಕ್ಸ್‌ಲಿಗೆ ಇದು ತಿಳಿಯುವುದು ಹೇಗೆ’ ಎಂಬ ಪ್ರಶ್ನೆ ಬಂದು ಕೂರುತ್ತದೆ. ಜ್ಯಾಕ್ ಸಾಯುವಾಗ ನಸುನಕ್ಕು ‘ರೋಲೊ ಟೊಮಾಸಿ’ ಎನ್ನುತ್ತಾನೆ. ತನ್ನ ತಂದೆಯನ್ನು ಕೊಂದು ಸಿಕ್ಕದೆ ಹೋದ, ಗುರುತೇ ಸಿಗದ ಹಂತಕನಿಗೆ ಎಕ್ಸ್‌ಲಿ ತಾನೇ ಇಟ್ಟುಕೊಂಡಿದ್ದ ಕಲ್ಪಿತ ಹೆಸರು ಅದು; ಆ ಗುಟ್ಟನ್ನು ಅವನು ಹೇಳಿದ್ದು ಜ್ಯಾಕ್‌ಗೆ ಮಾತ್ರ. ಡಡ್ಲಿಗೆ ಹೆಸರು ದಕ್ಕಿದೆ, ಅರ್ಥ ದಕ್ಕಿಲ್ಲ. ಜ್ಯಾಕ್‌ನ ಸಹಚರನಿರಬೇಕೆಂದುಕೊಂಡು ಅವನು ಎಕ್ಸ್‌ಲಿಯನ್ನೇ ಆ ಹೆಸರಿನ ಬಗ್ಗೆ ವಿಚಾರಿಸುತ್ತಾನೆ. ಜ್ಯಾಕ್‌ನ ಕೊನೆಯುಸಿರು ಕೇಳಿದವನಿಗಲ್ಲದೆ ಬೇರೆ ಯಾರಿಗೂ ಆ ಹೆಸರು ತಿಳಿದಿರಲಾರದೆಂಬುದು ಎಕ್ಸ್‌ಲಿಗೆ ಹೊಳೆಯುತ್ತದೆ, ಆದರೆ ಅವನು ಅದನ್ನು ಮುಖದಲ್ಲಿ ತೋರಗೊಡುವುದಿಲ್ಲ. ಹೀಗೆ ಸತ್ತವನ ಎಳೆಯಲ್ಲಿದ್ದ ಮಾಹಿತಿಯನ್ನು ಬದುಕಿರುವವನಿಗೆ ಕೊಂದವನೇ ತಂದು ಒಪ್ಪಿಸುತ್ತಾನೆ.

ಈ ಹೆಸರು ಕಾದಂಬರಿಯಲ್ಲಿ ಇಲ್ಲ. ಅಲ್ಲಿ ಎಕ್ಸ್‌ಲಿಯ ತಂದೆ ಬದುಕಿರುವ, ಕಥೆಯಲ್ಲಿ ದೊಡ್ಡ ಪಾಲುಳ್ಳ ಪಾತ್ರ. ರಾಶಿಗಟ್ಟಲೆ ಕಥೆಯನ್ನು ಕತ್ತರಿಸಿದ ಬರಹಗಾರರು ಹೊಸದಾಗಿ ಸೇರಿಸಿದ ಈ ಒಂದು ಗಂಟು ನನಗೆ ಅವರ ಕತ್ತರಿಗಿಂತಲೂ ದೊಡ್ಡ ಜಾಣ್ಮೆಯಾಗಿ ಕಾಣುತ್ತದೆ.

ಅಭ್ಯಾಸಕ್ಕೆ ಒಂದು ಸುಲಭೋಪಾಯವಿದೆ. ಪ್ರತಿ ದೃಶ್ಯ ಮುಗಿದೊಡನೆ ಚಿತ್ರವನ್ನು ನಿಲ್ಲಿಸಿ, ಈಗ ಹೊಸದಾಗಿ ಯಾರಿಗೆ ಏನು ತಿಳಿಯಿತು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಸಾಲುಸಾಲಾಗಿ ಜಾಗ ಖಾಲಿ ಉಳಿದರೆ ಕಥೆ ಅಲ್ಲಿ ಜಾಗ ಮಾತ್ರ ತುಂಬಿಸುತ್ತಿದೆ ಎಂದು ಅನುಮಾನಿಸಬಹುದು. ಆದರೂ ಈ ಪರೀಕ್ಷೆ ಎಲ್ಲ ಚಿತ್ರಗಳಿಗೂ ಹೊಂದುವುದಿಲ್ಲ: 1995ರ ‘ಹೀಟ್’ನಲ್ಲಿ ಜೈಲಿನಿಂದ ಹೊರಬಂದು ಹೋಟೆಲಿನಲ್ಲಿ ಕೆಲಸಕ್ಕಿರುವ ಬ್ರೀಡನ್‌ನ ಎಳೆ ತನಿಖೆಗೆ ಯಾವ ಸುಳಿವನ್ನೂ ಕೊಡದಿದ್ದರೂ ಹಳೆಯ ಬದುಕಿನ ಸೆಳೆತವನ್ನು ಇನ್ನೊಂದು ಮೈಯಲ್ಲಿ ತೋರಿಸುತ್ತದೆ. 

‘ಎಲ್.ಎ. ಕಾನ್ಫಿಡೆನ್ಶಿಯಲ್’ ಕೂಡ ಒಂದೆಡೆ ಸೋಲುತ್ತದೆ. ವಿಕ್ಟರಿ ಮೋಟೆಲ್‌ನ ಗುಂಡಿನ ಕಾಳಗದ ನಂತರ ವಿಚಾರಣಾ ಕೋಣೆಯಲ್ಲಿ ಕುಳಿತ ಎಕ್ಸ್‌ಲಿ ಇಡೀ ಸಂಚನ್ನು ಬಾಯಿಮಾತಿನಲ್ಲಿ ಒಪ್ಪಿಸುತ್ತಾನೆ, ಗಾಜಿನ ಆಚೆ ನಿಂತ ಅಧಿಕಾರಿಗಳು ಕೇಳಿಸಿಕೊಳ್ಳುತ್ತಾರೆ. ದೃಶ್ಯಗಳಲ್ಲಿ ಹಿಡಿಸದೆ ಉಳಿದ ಕಥೆಯೆಲ್ಲ ಆ ಒಂದು ಭಾಷಣದೊಳಗೆ ತುರುಕಿಕೊಂಡಿರುವುದು ಸ್ಪಷ್ಟವಾಗಿಯೇ ಕಾಣುತ್ತದೆ. ಡಡ್ಲಿಯನ್ನೇ ವೀರನೆಂದು ಘೋಷಿಸಿ ಇಲಾಖೆಯ ಮಾನ ಉಳಿಸಿಕೊಳ್ಳುವ ಅವರ ಲೆಕ್ಕಾಚಾರ ಮಾತ್ರ ಆ ದೃಶ್ಯವನ್ನು ಸ್ವಲ್ಪ ಎತ್ತಿಹಿಡಿಯುತ್ತದೆ.