ಚಪ್ಪಾಳೆಯೊಳಗಿನ ಗಾಳಿ

ಉಡುಪಿಯ ರಾಜಾಂಗಣದಲ್ಲಿ ಯಕ್ಷಗಾನ ಮುಗಿದಾಗ, ಮಂಗಳೂರಿನ ಪುರಭವನದಲ್ಲಿ ಸನ್ಮಾನ ನಡೆಯುವಾಗ ಸಭೆಯಿಂದ ಏಳುವ ಚಪ್ಪಾಳೆಗೆ ಅಂಗೈಯ ಚರ್ಮ ಚರ್ಮಕ್ಕೆ ಬಡಿಯುವುದೇ ಕಾರಣವೆಂದು ಹೆಚ್ಚಿನವರು ತಿಳಿದಿರುತ್ತಾರೆ. ಬಡಿತ ಬೇಕು, ನಿಜ. ಆದರೆ ಆ ಸದ್ದು ದಪ್ಪವೋ ತೆಳುವೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅಂಗೈಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಅತಿವೇಗದ ಕ್ಯಾಮೆರಾ ಹಾಗೂ ಸಿಲಿಕೋನ್ ಕೈಗಳ ನೆರವಿನಿಂದ ತೋರಿಸಿಕೊಟ್ಟಿದೆ.

ಕೈಗಳು ಸಮೀಪಿಸಿದಂತೆ ನಡುವಿನ ಗಾಳಿಯ ಒತ್ತಡ ಏರಿ, ಅದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿಯಿಂದ ರಭಸವಾಗಿ ಚಿಮ್ಮುತ್ತದೆ. ಹಾಗೆ ಚಿಮ್ಮುವಾಗ ಒಳಗುಳಿದ ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ ನಾದ ಹೊರಡುವುದೂ ಇದೇ ನಿಯಮದಿಂದ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿಯೇ ಇದನ್ನು ವಿವರಿಸಿದ್ದರು. ಪೊಳ್ಳು ದೊಡ್ಡದಾದರೆ ಸ್ವರ ತಗ್ಗುತ್ತದೆ, ಕಿರಿದಾದರೆ ಏರುತ್ತದೆ. ಅಂಗೈಗಳನ್ನು ಬೊಗಸೆಯಂತೆ ಬಾಗಿಸಿ ಒಮ್ಮೆ ತಟ್ಟಿ, ಬಳಿಕ ಒಂದು ಕೈಯ ಬೆರಳುಗಳನ್ನು ಇನ್ನೊಂದರ ಅಂಗೈಗೆ ತಟ್ಟಿ ನೋಡಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಬಾಟಲಿಯ ನಾದ ತುಸು ಹೊತ್ತು ಉಳಿಯುತ್ತದೆ, ಚಪ್ಪಾಳೆಯ ಸದ್ದು ಥಟ್ಟನೆ ಅಡಗುತ್ತದೆ. ಮೆತ್ತಗಿನ ಚರ್ಮವು ಕಂಪನದ ಶಕ್ತಿಯನ್ನು ಕೂಡಲೇ ಹೀರಿಬಿಡುತ್ತದೆ.

ಈ ವ್ಯತ್ಯಾಸವನ್ನು ರೋಮನರು ಕಿವಿಯಿಂದಲೇ ಗುರುತಿಸಿದ್ದರು. ಚಕ್ರವರ್ತಿ ನೀರೋ ತನ್ನ ಗಾಯನಕ್ಕೆ ಚಪ್ಪಾಳೆ ತಟ್ಟಲೆಂದೇ ಐದು ಸಾವಿರಕ್ಕೂ ಹೆಚ್ಚು ಯುವಕರನ್ನು ತರಬೇತುಗೊಳಿಸಿದ್ದನೆಂದು ಇತಿಹಾಸಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಅವರ ಚಪ್ಪಾಳೆಯಲ್ಲಿ ಮೂರು ಬಗೆ: ದುಂಬಿಗಳ ಝೇಂಕಾರದಂಥದ್ದು, ಬಾಗಿದ ಹಂಚಿನದ್ದು, ಚಪ್ಪಟೆ ಹಂಚಿನದ್ದು. ಕೊನೆಯ ಎರಡನ್ನು ಬೊಗಸೆಗೈ ಮತ್ತು ಚಪ್ಪಟೆಗೈಗಳ ತಟ್ಟುವಿಕೆಯೆಂದು ವಿದ್ವಾಂಸರು ಅರ್ಥೈಸುತ್ತಾರೆ. 1865ರಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಚಪ್ಪಟೆ ಹಂಚನ್ನು ಮನೆಮಾತಾಗಿಸುವ ಮೊದಲು ನಮ್ಮ ಹಂಚಿನ ಮಾಡುಗಳ ಮೇಲಿದ್ದುದು ಬಾಗಿದ ನಾಡ ಹಂಚು. ಆದ್ದರಿಂದ ನೀರೋನ ಆಸ್ಥಾನದ ಈ ವಿಂಗಡಣೆ ಕರಾವಳಿಯವರಿಗೆ ಬೇಗ ಮನದಟ್ಟಾಗಬೇಕು.

ಗಂಡಸರ ಚಪ್ಪಾಳೆ ಗಡಸು, ಹೆಂಗಸರದು ಮೃದು ಎಂಬ ನಂಬಿಕೆಯೂ ಇದೆ. ಬ್ರೂನೋ ರೆಪ್ ಎಂಬ ಸಂಶೋಧಕ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೇಳುಗರಿಗೆ ಸದ್ದಿನಿಂದ ತಟ್ಟಿದವರು ಗಂಡೋ ಹೆಣ್ಣೋ ಎಂದು ಹೇಳಲಾಗಲಿಲ್ಲ. ಕೈಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದರ ಸುಳಿವು ಮಾತ್ರ ಸದ್ದಿನಲ್ಲಿತ್ತು.

ಇದಕ್ಕಿಂತ ಹೆಚ್ಚು ಕಳವಳ ತರುವುದು ಚಪ್ಪಾಳೆಯ ಕಂಪನ ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ಮಾತು. 2020ರ ಮಾರ್ಚ್ 22ರಂದು ಆರೋಗ್ಯ ಕಾರ್ಯಕರ್ತರಿಗೆ ಕೃತಜ್ಞತೆ ಹೇಳಲು ದೇಶವೆಲ್ಲ ಚಪ್ಪಾಳೆ ತಟ್ಟಿದಾಗ ಈ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡಿತು. ಕೇಂದ್ರ ಸರಕಾರವೇ ಅದು ಸುಳ್ಳೆಂದು ಸ್ಪಷ್ಟಪಡಿಸಬೇಕಾಯಿತು. ಸೆಕೆಂಡಿಗೆ ಸಾವಿರ ಬಾರಿ ಕಂಪಿಸುವ, ಅಂದರೆ ಸಾವಿರ ಹರ್ಟ್ಸ್‌ನ ಶಬ್ದದ ತರಂಗಾಂತರ (ಒಂದು ಅಲೆಯ ಉದ್ದ) ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್, ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 0.1 ಮೈಕ್ರೋಮೀಟರ್. ಅಲೆಯು ವೈರಸ್ಸಿಗಿಂತ ಮೂವತ್ತು ಲಕ್ಷ ಪಟ್ಟಿಗೂ ಹೆಚ್ಚು ಉದ್ದವಿರುವಾಗ, ಅದು ಹಾದುಹೋದರೆ ವೈರಸ್ಸಿನ ಎರಡೂ ತುದಿಗಳು ಒಟ್ಟಿಗೇ ಅಲುಗಾಡುತ್ತವೆ. ಅದನ್ನು ಸೀಳುವ ಬಲವೆಂಬುದು ಅಲ್ಲಿ ಹುಟ್ಟುವುದೇ ಇಲ್ಲ.