ಪ್ಲೇಯರ್ ಮತ್ತು ಎನ್‌ಕೋಡರ್ ನಡುವಿನ ಒಂದು ಸಾಲು

ತುಮಕೂರಿನಲ್ಲಿ ಧ್ವನಿಮುದ್ರಣದ ಕೆಲಸ ಮಾಡುವ ನನ್ನ ಬಳಿಗೆ ಬರುವುದರಲ್ಲಿ ಹೆಚ್ಚಿನ ಪಾಲು ಹಳೆಯ ಕ್ಯಾಸೆಟ್‌ಗಳದು: ತಿಪಟೂರು ಕಡೆಯ ಮೂಡಲಪಾಯ ಯಕ್ಷಗಾನದ ಆಟಗಳು, ಗುಬ್ಬಿ ಸೀಮೆಯ ಭಜನೆ ಮಂಡಳಿಗಳ ಹಾಡುಗಳು, ಹರಿಕಥೆಗಳು. ಈಗೀಗ ಊರಿನ ಹುಡುಗರೇ ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಇಳಿಸಿಕೊಂಡ ಧ್ವನಿಯನ್ನು ಫೂಬಾರ್2000 ಪ್ಲೇಯರಿನಿಂದ ಎಂಪಿ3 ರೂಪಕ್ಕೆ ಅಥವಾ ಧ್ವನಿ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ರೂಪಕ್ಕೆ ಪರಿವರ್ತಿಸಲು ಹೊರಟಾಗ ಬಹುತೇಕ ಎಲ್ಲರೂ ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ಎನ್‌ಕೋಡರ್ (ಧ್ವನಿಯನ್ನು ಆ ರೂಪಕ್ಕೆ ಕಟ್ಟುವ ತಂತ್ರಾಂಶ) ಎಲ್ಲಿದೆ ಎಂದು ಪ್ಲೇಯರ್ ಕೇಳುತ್ತದೆ; ತೋರಿಸಿದ ಮೇಲೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಮೊದಲು ತಿಳಿಯಬೇಕಾದದ್ದು, ಇವೆರಡೂ ಬೇರೆ ಬೇರೆ ತಂತ್ರಾಂಶಗಳು ಎಂಬುದು. 2002ರಲ್ಲಿ ಪೀಟರ್ ಪಾವ್ಲೋಸ್ಕಿ ಹೊರತಂದ ಫೂಬಾರ್ ಹಾಡನ್ನು ಓದಬಲ್ಲದು, ನುಡಿಸಬಲ್ಲದು; ಎಂಪಿ3 ಕಟ್ಟುವ ಕೆಲಸವನ್ನು ಅದು ಲೇಮ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಒಪ್ಪಿಸುತ್ತದೆ. 1998ರಲ್ಲಿ ಆರಂಭವಾದ ಲೇಮ್ ಯೋಜನೆ ಇಂದಿಗೂ ತನ್ನ ಮೂಲ ಸಂಕೇತವನ್ನಷ್ಟೇ (ಸೋರ್ಸ್ ಕೋಡ್) ಹಂಚುತ್ತದೆ. ಇದರ ಹಿನ್ನೆಲೆ ಎಂಪಿ3 ಪೇಟೆಂಟುಗಳು; ಅವುಗಳ ಪರವಾನಗಿ ವ್ಯವಹಾರ 2017ರವರೆಗೂ ನಡೆದಿತ್ತು. ಸಿದ್ಧ ಪ್ರತಿ ಬೇಕೆಂದರೆ ಫೂಬಾರ್‌ನವರೇ ಪ್ರತ್ಯೇಕವಾಗಿ ಕೊಡುವ ಉಚಿತ ಎನ್‌ಕೋಡರ್ ಪ್ಯಾಕ್ ಹಾಕಿಕೊಂಡರೆ ಸಾಕು. ಪ್ಲೇಯರ್ 64 ಬಿಟ್, ಎನ್‌ಕೋಡರ್ 32 ಬಿಟ್ ಎಂಬ ಆತಂಕವೂ ಬೇಡ, ಏಕೆಂದರೆ ಎನ್‌ಕೋಡರ್ ಪ್ಲೇಯರಿನ ಒಳಗೆ ಸೇರಿಕೊಳ್ಳುವುದಿಲ್ಲ, ತನ್ನಷ್ಟಕ್ಕೆ ಬೇರೆಯಾಗಿ ಓಡುತ್ತದೆ.

ಎರಡರ ನಡುವೆ ಇರುವ ಒಪ್ಪಂದವೆಂದರೆ ಕನ್ವರ್ಟರ್ ಕಿಟಕಿಯ ಪ್ಯಾರಾಮೀಟರ್ಸ್ ಎಂಬ ಜಾಗದಲ್ಲಿ ಬರೆಯುವ ಒಂದು ಸಾಲು ಮಾತ್ರ. ಲೇಮ್‌ಗೆ ನಾನು ಬರೆಯುವುದು ಇಷ್ಟು: ಹೈಫನ್ ಮತ್ತು ದೊಡ್ಡ ಎಸ್, ಹೈಫನ್ ಮತ್ತು ದೊಡ್ಡ ವಿ, ಅದರ ಮುಂದೆ 2, ಬಳಿಕ ಒಂಟಿ ಹೈಫನ್, ಕೊನೆಗೆ ಶೇಕಡಾ ಚಿಹ್ನೆ ಮತ್ತು ಸಣ್ಣ ಡಿ, ಟೈಪು ಮಾಡುವಾಗ ಇವೆಲ್ಲ ಇಂಗ್ಲಿಷ್ ಅಕ್ಷರಗಳೇ ಆಗಿರಬೇಕು. ದೊಡ್ಡ ಎಸ್ ಎಂದರೆ ಪ್ರಗತಿಯ ವರದಿ ಒಪ್ಪಿಸದೆ ಸುಮ್ಮನೆ ಕೆಲಸ ಮಾಡು ಎಂದರ್ಥ. ದೊಡ್ಡ ವಿ ಗುಣಮಟ್ಟವನ್ನು ಹೇಳುತ್ತದೆ. 2 ಎಂದರೆ ಸೆಕೆಂಡಿಗೆ ಸರಾಸರಿ 190 ಕಿಲೋಬಿಟ್ ಸುಮಾರು, ಸೊನ್ನೆ ಎಂದರೆ 245ರ ಸುಮಾರು, ಅಂದರೆ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ. ಒಂಟಿ ಹೈಫನ್ ಬಹಳ ಮುಖ್ಯವಾದದ್ದು. ಧ್ವನಿ ಯಾವ ಕಡತದಲ್ಲೂ ಇಲ್ಲ, ಪ್ಲೇಯರ್ ಅದನ್ನು ನೇರವಾಗಿ ಸುರಿಯುತ್ತದೆ, ಅಲ್ಲಿಂದಲೇ ಓದಿಕೋ ಎಂದು ಅದು ಎನ್‌ಕೋಡರಿಗೆ ತಿಳಿಸುತ್ತದೆ. ಅದರ ಬದಲು ಶೇಕಡಾ ಚಿಹ್ನೆಯೊಂದಿಗೆ ಸಣ್ಣ ಎಸ್ ಬರೆದರೆ ಪ್ಲೇಯರ್ ಮೊದಲು ಇಡೀ ಧ್ವನಿಯನ್ನು ತಾತ್ಕಾಲಿಕ ವೇವ್ ಕಡತವಾಗಿ ಡಿಸ್ಕಿನ ಮೇಲೆ ಬರೆದು ಆಮೇಲೆ ಎನ್‌ಕೋಡರನ್ನು ಕರೆಯುತ್ತದೆ. ಅದೂ ನಡೆಯುತ್ತದೆ, ನಿಧಾನವಾಗಿ. ಶೇಕಡಾ ಡಿ ಎಂಬುದು ತಯಾರಾದ ಕಡತ ಹೋಗಬೇಕಾದ ಸ್ಥಳ. ಅದು ಬಿಟ್ಟುಹೋದರೆ ಏನನ್ನು ಎಲ್ಲಿ ಬರೆಯಬೇಕೆಂಬುದೇ ಎನ್‌ಕೋಡರಿಗೆ ತಿಳಿಯುವುದಿಲ್ಲ. ಹಾಡಿನ ಹೆಸರು, ಹಾಡಿದವರ ಹೆಸರು ಮೊದಲಾದವನ್ನು ಪ್ಲೇಯರ್ ಕೊನೆಯಲ್ಲಿ ತಾನೇ ಸೇರಿಸುವುದರಿಂದ ಈ ಸಾಲಿನಲ್ಲಿ ಅವುಗಳಿಗೆ ಜಾಗವಿಲ್ಲ.

ಒಂದು ಎನ್‌ಕೋಡರಿಗೆ ಬರೆದ ಸಾಲನ್ನು ಇನ್ನೊಂದಕ್ಕೆ ಅಂಟಿಸುವ ಅಭ್ಯಾಸದಿಂದ ಆಗುವ ತೊಂದರೆ ಸಣ್ಣದಲ್ಲ. ಲೇಮ್‌ನಲ್ಲಿ ಗುಣಮಟ್ಟವನ್ನು ಸೂಚಿಸುವ ಅದೇ ದೊಡ್ಡ ವಿ ಫ್ಲ್ಯಾಕ್‌ನಲ್ಲಿ ‘ಕಟ್ಟುತ್ತಲೇ ಬಿಚ್ಚಿ ತಾಳೆ ನೋಡು’ ಎಂಬ ಆಜ್ಞೆಯಾಗುತ್ತದೆ. ಲೇಮ್ ತಲುಪುವ ಸ್ಥಳವನ್ನು ಸಾಲಿನ ಕೊನೆಯಲ್ಲಿ ನೇರವಾಗಿ ಸ್ವೀಕರಿಸಿದರೆ, ಫ್ಲ್ಯಾಕ್ ಅದಕ್ಕೂ ಮೊದಲು ಹೈಫನ್ ಮತ್ತು ಸಣ್ಣ ಓ ಬೇಕೆನ್ನುತ್ತದೆ. ಇಲ್ಲವಾದರೆ ಆ ಹೆಸರನ್ನೂ ತಾನು ಓದಬೇಕಾದ ಕಡತವೆಂದೇ ಭಾವಿಸುತ್ತದೆ. ಫ್ಲ್ಯಾಕ್‌ನ ಸೊನ್ನೆಯಿಂದ 8ರವರೆಗಿನ ಅಂಕಿಗಳು ಗುಣಮಟ್ಟದವಲ್ಲ. ಯಾವ ಅಂಕಿಯಲ್ಲೂ ಧ್ವನಿ ಎಳ್ಳಷ್ಟೂ ಕೆಡುವುದಿಲ್ಲ, ಕಡತದ ಗಾತ್ರ ಮತ್ತು ಹಿಡಿಯುವ ಸಮಯ ಮಾತ್ರ ಬದಲಾಗುತ್ತವೆ.

ಸಾಲು ತಪ್ಪಿದ್ದರೆ ಎನ್‌ಕೋಡರ್ ಅವಧಿಗೆ ಮುನ್ನವೇ ನಿಂತಿತು, ಪ್ಯಾರಾಮೀಟರ್‌ಗಳನ್ನು ಮತ್ತೊಮ್ಮೆ ನೋಡಿ ಎಂಬ ಅರ್ಥದ ಸೂಚನೆ ಬರುತ್ತದೆ. ಆಗ ವ್ಯೂ ಮೆನುವಿನಿಂದ ಕನ್ಸೋಲ್ ತೆರೆದರೆ, ಪ್ಲೇಯರ್ ನಿಜವಾಗಿ ಕಳುಹಿಸಿದ ಪೂರ್ಣ ಸಾಲು ಅಲ್ಲಿ ಕಾಣುತ್ತದೆ. ಅದನ್ನು ಅಕ್ಷರ ಅಕ್ಷರವಾಗಿ ಓದುವುದಕ್ಕಿಂತ ಚುರುಕಾದ ಪರೀಕ್ಷೆ ನನಗೆ ಕಂಡಿಲ್ಲ. ನನ್ನ ಬಳಿಗೆ ಬರುವ ದೂರುಗಳಲ್ಲಿ ಪದೇ ಪದೇ ಸಿಗುವ ಕಾರಣ ತೀರ ಕ್ಷುಲ್ಲಕವಾದದ್ದು: ಯಾರೋ ವರ್ಡ್ ಕಡತದಲ್ಲಿ ಬರೆದುಕೊಂಡ ಸಾಲನ್ನು ನಕಲಿಸಿ ತಂದಿರುತ್ತಾರೆ, ಎರಡು ಹೈಫನ್‌ಗಳು ಅಲ್ಲಿ ಕೂಡಿಕೊಂಡು ಒಂದೇ ಉದ್ದ ಗೆರೆಯಾಗಿರುತ್ತವೆ. ಕಣ್ಣಿಗೆ ಎರಡೂ ಗೆರೆಗಳೇ, ಎನ್‌ಕೋಡರಿಗೆ ಹಾಗಲ್ಲ. ಇಂಥ ಸಾಲನ್ನು ಕೈಯಿಂದಲೇ ಟೈಪು ಮಾಡುವುದು ಲೇಸು.

ಕನ್ನಡದಲ್ಲಿ ಕಡತದ ಹೆಸರಿಟ್ಟರೆ ಕೆಡುತ್ತದೆ ಎಂಬ ಭಯ ಹಲವರಿಗಿದೆ. ಹಳೆಯ ಕಮಾಂಡ್ ಲೈನ್ ತಂತ್ರಾಂಶಗಳು ಕನ್ನಡ ಅಕ್ಷರಗಳನ್ನು ಪ್ರಶ್ನಾರ್ಥಕ ಚಿಹ್ನೆಗಳಾಗಿ ಓದುತ್ತಿದ್ದುದು ನಿಜ. ಆದರೆ ಫೂಬಾರ್ ಎನ್‌ಕೋಡರಿಗೆ ಕೊಡುವುದು ಒಂದು ತಾತ್ಕಾಲಿಕ ಇಂಗ್ಲಿಷ್ ಹೆಸರನ್ನು. ಕೆಲಸ ಮುಗಿದ ಮೇಲೆ ತಾನೇ ನಿಜವಾದ ಹೆಸರಿಡುತ್ತದೆ. ಆದ್ದರಿಂದ ಪ್ರಸಂಗದ ಹೆಸರನ್ನು ಧಾರಾಳವಾಗಿ ಕನ್ನಡದಲ್ಲೇ ಇಡಬಹುದು.

ಸೂಚನೆ ಕೊಟ್ಟು ನಿಲ್ಲುವ ತಪ್ಪಿಗಿಂತ ಸದ್ದಿಲ್ಲದೆ ನಡೆದುಹೋಗುವ ತಪ್ಪು ಕೆಟ್ಟದ್ದು. ಅದೇ ಕಿಟಕಿಯಲ್ಲಿ, ಎನ್‌ಕೋಡರ್ ಗರಿಷ್ಠ ಎಷ್ಟು ಬಿಟ್‌ಗಳ ಧ್ವನಿಯನ್ನು ಸ್ವೀಕರಿಸಬಲ್ಲದು ಎಂದು ಕೇಳುವ ಇನ್ನೊಂದು ಜಾಗವಿದೆ. ಅಲ್ಲಿ 16 ಎಂದಿದ್ದರೆ, 24 ಬಿಟ್‌ನಲ್ಲಿ ಮುತುವರ್ಜಿಯಿಂದ ಇಳಿಸಿದ ಕ್ಯಾಸೆಟ್ 16 ಬಿಟ್ ಆಗಿಯೇ ಫ್ಲ್ಯಾಕ್ ಸೇರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಫ್ಲ್ಯಾಕ್ ಎಂದಮೇಲೆ ಏನೂ ನಷ್ಟವಾಗಿಲ್ಲ ಎಂದು ನಂಬಿ ಮೂಲವನ್ನು ಅಳಿಸುವವರಿದ್ದಾರೆ.

ಇಡೀ ರಾತ್ರಿಯ ಆಟಗಳಿಗೆ ಮಾತ್ರ ಬೇಕಾಗುವ ಇನ್ನೊಂದು ಸಂಗತಿಯಿದೆ. ಪ್ಲೇಯರ್ ಸುರಿಯುವ ಧ್ವನಿ ವೇವ್ ರೂಪದಲ್ಲಿರುತ್ತದೆ, ಮತ್ತು ವೇವ್ ಶೀರ್ಷಿಕೆಯಲ್ಲಿ ಗಾತ್ರವನ್ನು ಬರೆಯಲು ಇರುವ 32 ಬಿಟ್‌ಗಳ ಜಾಗದಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಧ್ವನಿ ಈ ಮಿತಿಯನ್ನು ಮುಟ್ಟಲು ಆರೂಮುಕ್ಕಾಲು ಗಂಟೆ ಬೇಕು; 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದರೆ ನಾಲ್ಕು ಗಂಟೆ ಎಂಟು ನಿಮಿಷ ಸಾಕು. ರಾತ್ರಿ ಹತ್ತಕ್ಕೆ ಆರಂಭವಾದ ಮೂಡಲಪಾಯದ ತುಣುಕುಗಳನ್ನು ಒಂದೇ ಕಡತವಾಗಿ ಜೋಡಿಸುವಾಗ ನಡುರಾತ್ರಿ ಕಳೆದು ಗಡಿಯಾರ ಎರಡು ದಾಟಿದ ಭಾಗಕ್ಕೆ ಬರುತ್ತಲೇ ಆ ಮಿತಿ ಎದುರಾಗುತ್ತದೆ. ಶೀರ್ಷಿಕೆಯಲ್ಲಿರುವ ಗಾತ್ರವನ್ನು ನಂಬದೆ ಧ್ವನಿ ಮುಗಿಯುವ ತನಕ ಓದು ಎಂದು ಹೇಳುವ ಆಯ್ಕೆ ಫ್ಲ್ಯಾಕ್‌ನಲ್ಲಿ ‘ಇಗ್ನೋರ್ ಚಂಕ್ ಸೈಜಸ್’, ಓಪಸ್ ಎಂಬ ಇನ್ನೊಂದು ಧ್ವನಿರೂಪದ ಎನ್‌ಕೋಡರಿನಲ್ಲಿ ‘ಇಗ್ನೋರ್ ಲೆಂತ್’ ಎಂಬ ಹೆಸರಿನಲ್ಲಿದೆ. ಎರಡಕ್ಕೂ ಮುಂದೆ ಜೋಡಿ ಹೈಫನ್ ಬೇಕು.

ನನ್ನಲ್ಲಿ ಸಂಗ್ರಹದ ಪ್ರತಿ ಯಾವಾಗಲೂ ಫ್ಲ್ಯಾಕ್. ಎಂಪಿ3 ಅದರಿಂದ ಹುಟ್ಟುವ ಪ್ರತಿ, ಎಂಪಿ3ಯಿಂದ ಇನ್ನೊಂದು ಎಂಪಿ3 ಎಂದಿಗೂ ಇಲ್ಲ. ದೇವಸ್ಥಾನದ ಆಂಪ್ಲಿಫೈಯರಿಗೆ ಪೆನ್ ಡ್ರೈವ್ ಬೇಕೆಂದು ಕೇಳುವವರಿಗೆ ದೊಡ್ಡ ವಿ ಬಿಟ್ಟು ಹೈಫನ್, ಸಣ್ಣ ಬಿ, 128 ಎಂದು ಬರೆದು, ಸೆಕೆಂಡಿಗೆ ಇಷ್ಟೇ ಬಿಟ್ ಎಂಬ ಒಂದೇ ವೇಗದ ಎಂಪಿ3 ಮಾಡಿಕೊಡುತ್ತೇನೆ, ಏಕೆಂದರೆ ಅಗ್ಗದ ಪ್ಲೇಯರ್‌ಗಳಲ್ಲಿ ಕೆಲವು ಬದಲಾಗುವ ವೇಗದ ಕಡತಗಳ ಅವಧಿಯನ್ನು ತಪ್ಪಾಗಿ ತೋರಿಸುತ್ತವೆ. ಮೊಬೈಲಿನಲ್ಲಿ ಹರಿಕಥೆ ಕೇಳುವವರಿಗೆ ಓಪಸ್, ಒಂದೇ ಚಾನೆಲ್‌ನಲ್ಲಿ 32 ಕಿಲೋಬಿಟ್. ಮಾತಿಗೆ ಅಷ್ಟು ಧಾರಾಳವಾಯಿತು. ಮೂಲ ಕಡತವನ್ನು ಅಳಿಸುವ ಮುನ್ನ ಫ್ಲ್ಯಾಕ್ ತಂತ್ರಾಂಶವನ್ನು ಹೈಫನ್ ಮತ್ತು ಸಣ್ಣ ಟಿ ಸಹಿತ ಒಮ್ಮೆ ಓಡಿಸುತ್ತೇನೆ. ಕಡತದ ಆರಂಭದಲ್ಲೇ ಬರೆದಿಟ್ಟ ಎಂಡಿ5 ಮೊತ್ತಕ್ಕೆ (ಮೂಲ ಧ್ವನಿಯಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆಗೆ) ಒಳಗಿನ ಧ್ವನಿ ತಾಳೆಯಾಗುತ್ತದೆಯೇ ಎಂಬುದನ್ನು ಅದು ಹೇಳುತ್ತದೆ. ಆಗದಿದ್ದರೆ ಕ್ಯಾಸೆಟ್ ಇನ್ನೂ ಕೈಯಲ್ಲಿರುವಾಗಲೇ ಪರಿವರ್ತನೆಯನ್ನು ಮತ್ತೆ ಮಾಡಬಹುದು.